ಉದುರಿದ ಹೀಚು

“ಗುರುಗಳೇ, ಈ ವಿದ್ಯೆಗಾಗಿ ನಾನು ಯಾರಿಗೆಲ್ಲ ಋಣಿ?” ಎಂದು ರೇವಯ್ಯ ಕೇಳಿದ. ಅಂದು ಪಂಡಿತರ ಸಭೆಯಲ್ಲಿ ಅವನೇ ಎಲ್ಲರಿಗಿಂತ ಮೇಲೆಂದು ತೀರ್ಮಾನವಾಗಿತ್ತು. ನೇರ ಮಠಕ್ಕೆ ಬಂದವನು ಗುರುಗಳ ಪಾದ ಹಿಡಿದು ಕೂತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

“ಮೊದಲು ನನ್ನ ಕಾಲು ಬಿಡಪ್ಪ, ಜೋಮು ಹಿಡಿಯಿತು” ಎಂದ ಗುರುಗಳು ಒಂದು ಕತೆ ಹೇಳಿದರು.

ಹೊಳೆದಂಡೆಯಲ್ಲಿ ಒಬ್ಬ ರೈತನಿದ್ದ. ನೀರು ಇಳಿದ ಮೇಲೆ ಮರಳಿನಲ್ಲಿ ಗುಳಿ ತೋಡಿ, ಗೊಬ್ಬರ ತುಂಬಿ ಕರಬೂಜ ಹಾಕುತ್ತಿದ್ದ. ಮನೆಗೆ ಅದೊಂದೇ ಬೆಳೆ. ಹಣ್ಣನ್ನೆಲ್ಲ ಕಿತ್ತು ಅಂಗಳದಲ್ಲಿ ರಾಶಿ ಹಾಕಿ, ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಯ್ದು ತಿಂದು, ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮುಂದಿನ ವರ್ಷಕ್ಕೆ ಇಡುವುದು ಆ ಕಡೆಯ ರೂಢಿ. ಒಂದು ವರ್ಷ ಇವನಿಗೆ ತಬ್ಬಿ ಎತ್ತಬೇಕಾದಂಥ ಹಣ್ಣು ಸಿಕ್ಕಿತು. ಊರೆಲ್ಲ ಬಂದು ನೋಡಿತು. ಆಮೇಲೆ ಕೇಳಬೇಕೇ, ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುವರ್ಷ ಅದೇ ಬೀಜ ಹಾಕಿದ. ಬಳ್ಳಿ ಸೊಗಸಾಗಿ ಹಬ್ಬಿತು, ಹೂ ಬಿಟ್ಟಿತು, ಹೀಚು ಕಚ್ಚಿತು. ಆಮೇಲೆ ಹೀಚೆಲ್ಲ ಉದುರತೊಡಗಿತು. ಬಳ್ಳಿಗೆ ಒಂದು ಹಣ್ಣು ನಿಂತರೆ ಅದೇ ಹೆಚ್ಚು. ಇನ್ನೊಂದು ವರ್ಷ ಹೀಗಾದರೆ ಹೊಳೆ ಬಿಟ್ಟು ಗುಳೆ ಹೋಗುವುದೇ ಗತಿ ಎಂದು ರೈತ ತಲೆಯ ಮೇಲೆ ಕೈಹೊತ್ತು ಕೂತ.

ಸತ್ತ ಅಣ್ಣನ ಹೆಂಡತಿ ಆ ಮನೆಯಲ್ಲೇ ಇದ್ದಳು. ಉದುರಿದ ಹೀಚು ಆರಿಸಿ ತಂದು ಪಲ್ಯ ಮಾಡುವುದು ಅವಳ ಕೆಲಸ. ಅವಳು ಬಂದು ಹೇಳಿದಳು: “ಆ ದೊಡ್ಡ ಹಣ್ಣಿನ ಬಳ್ಳಿಯಡಿ ನಾನು ದಿನಾ ಸೆರಗು ತುಂಬ ಹೀಚು ಆರಿಸುತ್ತಿದ್ದೆನಪ್ಪ. ಉಳಿದದ್ದೆಲ್ಲ ಉದುರಿತು, ಅದಕ್ಕೇ ಅದೊಂದು ಹಾಗೆ ಬೆಳೆಯಿತು. ನೀನು ರಾಶಿ ನೋಡಿದೆ, ಬಳ್ಳಿ ನೋಡಲಿಲ್ಲ.”

“ಆಗಲೇ ಹೇಳಬಾರದಿತ್ತೇ ಅತ್ತಿಗೆ?”

“ಊರೆಲ್ಲ ಹೊಗಳುವಾಗ ನನ್ನ ಮಾತು ನಿನ್ನ ಕಿವಿಗೆ ಬೀಳುತ್ತಿತ್ತೇ?” ಎಂದು ಅವಳು ನಕ್ಕು, ಸೂರಿನಿಂದ ಒಂದು ಗಂಟು ಇಳಿಸಿ ಕೊಟ್ಟಳು. ಆ ದೊಡ್ಡ ಹಣ್ಣು ಸಿಕ್ಕ ವರ್ಷವೇ ಬುಡದಿಂದಲೇ ಕವಲೊಡೆದು, ಕಚ್ಚಿದ ಹೀಚನ್ನೆಲ್ಲ ಉಳಿಸಿಕೊಂಡು ಮೈತುಂಬ ಕಾಯಿ ಹಿಡಿದ ಬಳ್ಳಿಯೊಂದಿತ್ತು. ಹಣ್ಣು ಸಾಧಾರಣ ಗಾತ್ರದ್ದು, ಆದರೆ ಒಳ್ಳೆಯ ಸಿಹಿ. ಹಣ್ಣು ಕೀಳುವ ಮುಂಚೆಯೇ ಅವಳು ಆ ಬಳ್ಳಿಗೆ ಸೀರೆಯ ಚಿಂದಿ ಕಟ್ಟಿ ಗುರುತಿಟ್ಟು, ಅದರ ಬೀಜ ತೆಗೆದಿಟ್ಟಿದ್ದಳು.

ರೈತ ಆ ಬೀಜ ಹಾಕಿದ. ಆ ಸಲ ಹಣ್ಣಿಗೆ ಅಂಗಳ ಸಾಲಲಿಲ್ಲ. ಮೊದಲ ಹಣ್ಣನ್ನು ಅತ್ತಿಗೆಯ ಕೈಗಿಟ್ಟು, “ನೀವಿದ್ದಿರಿ, ನಾವು ಉಳಿದೆವು” ಎಂದು ಕೈಮುಗಿದ. ಅಂದಿನಿಂದ ಹಣ್ಣು ಮುಟ್ಟುವ ಮೊದಲು ಪ್ರತಿ ಬಳ್ಳಿಯ ಬುಡಕ್ಕೂ ಹೋಗಿ, ನಿಂತದ್ದೆಷ್ಟು ಉದುರಿದ್ದೆಷ್ಟು ಎಂದು ಬಗ್ಗಿ ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ತಿಳಿಯಿತು ಗುರುಗಳೇ. ನಾನು ಹುಟ್ಟಿದ ಮನೆಗೆ ಋಣಿ, ತಂದೆತಾಯಿಗೆ ಋಣಿ” ಎಂದ ರೇವಯ್ಯ.

“ಅದು ಸರಿಯೇ, ಆದರೆ ನಿನ್ನನ್ನು ಓದಲು ಕಳಿಸಿದ ವರ್ಷ ಆ ಮನೆಯಲ್ಲಿ ಓದು ಬಿಟ್ಟವರು ಯಾರು?”