ಫೌಜದಾರರ ಕುದುರೆಯ ಲಾಳ

ನಂಬದವರು ಈಗಲೇ ಎದ್ದು ಹೋಗಬಹುದು. ಪ್ಲೇಗಿನ ವರ್ಷ ನಮ್ಮ ಪೇಟೆಯ ಫೌಜದಾರರನ್ನು ಬೆವರಿಸಿದವನು ನಾನೇ, ಕುದುರೆಗೆ ಲಾಳ ಹೊಡೆಯುವವನು.

ನನ್ನ ಅಂಗಡಿಯ ಎದುರೇ ಫಕೀರವ್ವನ ಖಾನಾವಳಿ. ಅವಳ ಗಂಡ ರೋಗದವರನ್ನು ಕೂಡಿಹಾಕುವ ಪ್ಲೇಗಿನ ಶೆಡ್ಡಿಗೆ ಹೋದವನು ತಿರುಗಿ ಬರಲಿಲ್ಲ. ಓಣಿಯಿಂದ ಹೋದ ಹನ್ನೊಂದು ಜನರಲ್ಲಿ ಯಾರೂ ಬರಲಿಲ್ಲ. ನಾನು ದಿನಾ ಅಲ್ಲೇ ಎಲೆಯ ಮೇಲೆ ಉಣ್ಣುತ್ತಿದ್ದೆ. ಎಂಥ ಪುಂಡ ಕುದುರೆಯ ಕಾಲನ್ನೂ ಹಿಡಿದವನು ನಾನು. ನನ್ನ ಕೂಡ ಬಾಳುತ್ತೀಯಾ ಎಂದು ಅವಳನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಆ ಜಾಗ ಫೌಜದಾರರ ಭಾವಮೈದುನನ ಸೆರೆಯಂಗಡಿಗೆ ಬೇಕಿತ್ತು. ಒಂದು ಮುಂಜಾನೆ ಫೌಜದಾರರು ಪ್ಲೇಗಿನ ಡಾಕ್ಟರರನ್ನು ಕರೆತಂದು, "ಇಲ್ಲಿ ಇಲಿ ಸತ್ತೈತಿ. ಖಾನಾವಳಿ ಸುಡ್ರಿ, ಇವಳನ್ನ ಶೆಡ್ಡಿಗೆ ಹಾಕ್ರಿ" ಎಂದರು.

ಫಕೀರವ್ವ ಬಾಗಿಲು ಹಿಡಿದು ನಿಂತಳು. ಅಳಲಿಲ್ಲ.

"ಡಾಕ್ಟರ್ ಸಾಹೇಬರ, ಇಲ್ಲಿ ಉಂಡವರೂ ಶೆಡ್ಡಿಗೆ ಹೋಗಬೇಕಲ್ರಿ?" ಎಂದೆ.

"ಎಲ್ಲರೂ."

"ಹಂಗಾದ್ರ ನನ್ನ ಹೆಸರು ಬರ್ಕೊಳ್ರಿ. ಅದರ ಮ್ಯಾಲ ಫೌಜದಾರ ಸಾಹೇಬರದು."

"ಏ ಮಗನ, ನಾ ಇಂಥಲ್ಲಿ ಉಣ್ತೀನೇನೋ?"

ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಹಸಿ ನೆಲದ ಮೇಲಿನ ಗೊರಸಿನ ಗುರುತು ತೋರಿಸಿದೆ. "ಒಡೆದ ಗೊರಸಿಗೆ ಹಾಕೋ ಅಡ್ಡಪಟ್ಟಿ ಲಾಳ ಇದು. ಈ ಪೇಟ್ಯಾಗ ಒಂದೇ ಕುದುರಿಗೆ ಹೊಡದೀನ್ರಿ, ನಿಮ್ಮದಕ್ಕ. ದಿನಾ ಹಿಂದಿನ ಬಾಗಿಲಿಂದ ಬಂದು ಬಿಟ್ಟಿ ಉಂಡು ಹೋಗ್ತೀರಿ."

ಡಾಕ್ಟರರು ಮುಂದೆ ಕಟ್ಟಿದ್ದ ಫೌಜದಾರರ ಕುದುರೆಯ ಕಾಲೆತ್ತಿ ನೋಡಿ, ಹೆಸರು ಬರೆಯಲು ಪುಸ್ತಕ ತೆರೆದರು. ಫೌಜದಾರರ ಮುಖ ಬೂದಿಯಂತಾಯಿತು.

"ಇಲಿ ಇಲ್ಲಿ ಸತ್ತಿಲ್ರಿ... ನಾನೇ ತಂದು ಹಾಕಿಸಿದ್ದೆ."

ಅಂದು ಮಧ್ಯಾಹ್ನ ನಾನು ಉಣ್ಣಲು ಕೂತಾಗ ಫಕೀರವ್ವ ಎಲೆ ಹಾಕಲಿಲ್ಲ. ಗಂಡ ಸತ್ತಾಗಿನಿಂದ ಮೇಲಿಟ್ಟಿದ್ದ, ಅವನು ಉಣ್ಣುತ್ತಿದ್ದ ಕಂಚಿನ ಗಂಗಾಳ ಇಳಿಸಿ, ತೊಳೆದು, ನನ್ನ ಮುಂದಿಟ್ಟಳು.