ಚೌಡಕ್ಕನ ಎಡಗಾಲು

ಒಂದಾನೊಂದು ಊರಿನಲ್ಲಿ... ಹೂಂ ಅನ್ರಪ್ಪಾ. ನೀವು ಹೂಂ ಅನ್ನದೆ ನನ್ನ ಬಾಯಿಂದ ಕಥೆ ಹೊರಡೋದಿಲ್ಲ. ಹಾಂ, ಹಾಗೆ. ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಅವನ ಆಸ್ಪತ್ರೆಯಲ್ಲಿ ಒಂದು ಮಾತಾಡುವ ಪೆಟ್ಟಿಗೆ. ಊರಿನವರ ಕಾಯಿಲೆಯೆಲ್ಲ ಅದರ ಹೊಟ್ಟೆಯಲ್ಲಿ.

ಒಂದು ಸಲ ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಯಿತು. ರಾಜ ಕೆಂಡಾಮಂಡಲವಾದ. "ಎಲಾ ಪೆಟ್ಟಿಗೆ, ಇನ್ನು ಮೇಲೆ 'ಇವರು ಅವರೇನಾ?' ಅಂತ ಕೇಳು" ಅಂದ. ಪೆಟ್ಟಿಗೆ ಕೇಳತೊಡಗಿತು. ಮದ್ದು ಕೊಡುವ ಪಂಡಿತರು ನಾಡಿ ಹಿಡಿದರೆ ಕೇಳಿತು. ನಾಲಿಗೆ ನೋಡಿದರೆ ಕೇಳಿತು. ಸುಮ್ಮನೆ ಕೂತರೂ ಕೇಳಿತು. ಹೂಂ ಅಂದು ಅಂದು ಪಂಡಿತರ ಗಂಟಲು ಕಟ್ಟಿತು. ಕೊನೆಗೆ ಒಂದು ಕೋಲೆ ಬಸವನನ್ನು ತಂದು ಪೆಟ್ಟಿಗೆ ಮುಂದೆ ಕಟ್ಟಿದರು. ಏನು ಕೇಳಿದರೂ ತಲೆ ಆಡಿಸೋದೇ ಅದರ ಕಸುಬು, ಗೊತ್ತಲ್ಲ. ರಾಜನಿಗೆ ಸಂತೋಷವೋ ಸಂತೋಷ.

ಆ ಊರಿನಲ್ಲಿ ಚೌಡಕ್ಕ ಅಂತ ಒಬ್ಬಳು ಸೀರೆ ನೇಯುತ್ತಿದ್ದಳು. ಎರಡು ಕಾಲಲ್ಲೂ ಮಗ್ಗ ತುಳಿದರೇನೇ ಅವಳ ಹೊಟ್ಟೆಗೆ ಹಿಟ್ಟು. ಅವಳಿಗೆ ಕೆಮ್ಮು ಬಂತು. ಬರೀ ಕೆಮ್ಮು. ಆಸ್ಪತ್ರೆಗೆ ಹೋದಳು. ಅಲ್ಲಿ ಪಂಡಿತರ ಮುಂದೆ ಕೂತಿದ್ದವನು ಮುದ್ದಪ್ಪ, ಎಡಗಾಲು ಕೊಳೆತವನು. ಅವನು ನೀರು ಕುಡಿಯೋಕೆ ಕುಂಟಿಕೊಂಡು ಹೊರಗೆ ಹೋದ. ಪೆಟ್ಟಿಗೆಯಲ್ಲಿ ಅವನ ಕಾಯಿಲೆ ತೆರೆದೇ ಇತ್ತು. ಖಾಲಿ ಸ್ಟೂಲು ಕಂಡು ಚೌಡಕ್ಕ ಕೂತಳು.

"ಎಡಗಾಲು ಕತ್ತರಿಸಬೇಕು. ಇವರು ಮುದ್ದಪ್ಪನೇನಾ?" ಅಂತು ಪೆಟ್ಟಿಗೆ.

ಬಸವ ತಲೆ ಆಡಿಸಿತು.

"ಅಯ್ಯೋ ಶಿವನೇ! ನಾನು ಚೌಡಕ್ಕ ಕಣ್ರಪ್ಪಾ! ನನಗಿರೋದು ಕೆಮ್ಮು!"

"ಸುಮ್ನಿರಮ್ಮ ಮುದ್ದಪ್ಪ" ಅಂದರು ಪಂಡಿತರು.

"ನನ್ನ ಬಳೆ ನೋಡಿ, ಸೀರೆ ನೋಡಿ! ಒಂದು ಮಾತು ನನ್ನನ್ನೇ ಕೇಳಿ ಬುದ್ಧೀ!"

"ನಿನ್ನ ಕೇಳಿದರೆ ನೀನು ನಿನ್ನ ಪರವಾಗೇ ಹೇಳ್ತೀಯ. ಬಸವನಿಗೆ ಯಾರ ಹಂಗೂ ಇಲ್ಲ."

ಚೌಡಕ್ಕ ದಡಕ್ಕನೆ ಎದ್ದಳು. ಓಡಿ ಹೋಗಿ ಬಸವನ ಕೊರಳು ತಬ್ಬಿದಳು. "ನನ್ನಪ್ಪಾ, ನಾನು ಮುದ್ದಪ್ಪ ಅಲ್ಲ ತಾನೇ?" ಬಸವ ಅದಕ್ಕೂ ತಲೆ ಆಡಿಸಿತು.

"ನೋಡಿದ್ರಾ? ಅಲ್ಲ ಅಂತಲೂ ಒಪ್ಪಿತು!"

"ಪೆಟ್ಟಿಗೆ ಕೇಳಿದ್ದು ಮಾತ್ರ ಲೆಕ್ಕಕ್ಕೆ" ಅಂದರು ಪಂಡಿತರು. ಹೂಂ ಅಂತೀರಾ? ಹೂಂ. ಕಾಲು ಹೋಯಿತು.

ನೀರು ಕುಡಿದು ಬಂದ ಮುದ್ದಪ್ಪನಿಗೆ ಕೆಮ್ಮಿನ ಕಷಾಯ ಕುಡಿಸಿದರು. ಅವನಿಗೆ ಕೆಮ್ಮು ಬರಲೇ ಇಲ್ಲ. ಕಾಲು ಕೊಳೆತು ಸತ್ತ. ರಾಜ ಸುದ್ದಿ ಕೇಳಿ ಗೊಳೋ ಅಂತ ಅತ್ತ. "ಒಂದು ಬಸವ ಸಾಲದು, ಇನ್ನೊಂದು ಕಟ್ಟಿ" ಅಂದ.

ಚೌಡಕ್ಕ ಮನೆಗೆ ಬಂದು ಮಗ್ಗಕ್ಕೆ ಕೂತಳು. ಒಂದು ಕಾಲಿಗೆ ಮಗ್ಗ ಬಗ್ಗಲಿಲ್ಲ. ನೂಲು ಹಾಗೇ ನಿಂತಿತು. ಒಲೆಯೂ ಉರಿಯಲಿಲ್ಲ. ಇಲ್ಲದ ಬಲಗಾಲನ್ನು ನೀವಿಕೊಳ್ಳುತ್ತಾ, ಕೆಮ್ಮುತ್ತಾ, ಅಲ್ಲೇ ಕೂತು ಅತ್ತಳು.

ಹೂಂ ಅಂದ್ರಾ? ಅಂದ್ರಿ, ಕೇಳಿಸಿತು. ಹೋದದ್ದು ಎಡಗಾಲು ಕಣ್ರಪ್ಪಾ. ನಾನು ಬಲಗಾಲು ಅಂದೆ, ನೀವೆಲ್ಲ ಹೂಂ ಅಂದ್ರಿ.

ಅವಳು ಅಲ್ಲಿ ಕೆಮ್ಮುತ್ತಿದ್ದಾಳೆ. ನಾವು ಇಲ್ಲಿ ಹೂಂ ಅನ್ನುತ್ತಿದ್ದೇವೆ.