ಕೊಟ್ರೇಶನ ಖಡಕ್ ರೊಟ್ಟಿ

ರೊಟ್ಟಿ ಬಡಿಯುವುದರಲ್ಲಿ ಕೊಟ್ರೇಶನನ್ನು ಮೀರಿಸುವವರು ಹೊಳೆಯ ಈ ದಂಡೆಯಲ್ಲಿ ಹುಟ್ಟಿಲ್ಲ, ಆ ದಂಡೆಯಲ್ಲಿ ಹುಟ್ಟುವುದೂ ಇಲ್ಲ. ಇದು ಅವನದೇ ಮಾತು.

ಅವನ ಗುರು ಕಲ್ಲಯ್ಯಜ್ಜಾರು ಮೂವತ್ತು ವರ್ಷ ಮಠದ ಗದ್ದುಗೆಯ ಮೇಲೆ ಕೂತವರು. ಸಾಕೆನ್ನಿಸಿದ ದಿನ ಬೀಗದ ಕೈಯನ್ನು ಕಿರಿಯ ಸ್ವಾಮಿಗೆ ಕೊಟ್ಟು, ಹೊಳೆದಂಡೆಯ ಗುಡಿಸಲಿಗೆ ಬಂದರು.

ಮಠದಲ್ಲಿ ಅರವತ್ತು ಶಿಷ್ಯರಿದ್ದರು. ಹಿಂದೆ ಬಂದವನು ಕೊಟ್ರೇಶ ಒಬ್ಬನೇ.

ಅದನ್ನು ಅವನು ತಾನೂ ಮರೆಯಲಿಲ್ಲ, ಬೇರೆಯವರನ್ನೂ ಮರೆಯಗೊಡಲಿಲ್ಲ.

ಜೋಳದ ಖಡಕ್ ರೊಟ್ಟಿ. ತಕ್ಕಡಿಯ ತಟ್ಟೆಯಂಥ ದುಂಡು, ಹಪ್ಪಳದಂಥ ತೆಳು. ಬೆರಳಿನಿಂದ ಹೊಡೆದರೆ ಕಂಚಿನಂತೆ ಠಣ್ ಅನ್ನಬೇಕು. ಅನ್ನದಿದ್ದರೆ ಆ ರೊಟ್ಟಿ ದನದ ಪಾಲು.

ದಿನವೂ ಅಜ್ಜಾರ ತಾಟಿಗೆ ಎರಡು ರೊಟ್ಟಿ ಹಾಕಿ, ಎದುರಿಗೆ ಕೂತು, ಅವರ ಮುಖವನ್ನೇ ನೋಡುತ್ತಿದ್ದ.

"ಹೆಂಗೈತ್ರಿ ಅಜ್ಜಾರ?"

"ಚೊಲೊ ಐತಪಾ."

ಅಷ್ಟು ಕೇಳಿದರೆ ಅವನ ಹೊಟ್ಟೆ ತುಂಬುತ್ತಿತ್ತು. ಅಜ್ಜಾರು ಒಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಉಣ್ಣುತ್ತಿದ್ದರು. ಇನ್ನೊಂದನ್ನು ಮುರಿದು ಅಂಗಳದ ಗುಬ್ಬಿಗಳಿಗೆ ಚೆಲ್ಲುತ್ತಿದ್ದರು.

"ನನ್ನ ರೊಟ್ಟಿಗೆ ಗುಬ್ಬಿ ಸೈತ ಕಾಯ್ತಾವು," ಎಂದು ಕೊಟ್ರೇಶ ಹೊಳೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಇಂಥ ಹಾಲಿನಂಥ ಬಾಳಿಗೆ ಹುಳಿ ಹಿಂಡುತ್ತಿದ್ದದ್ದು ಹುಣ್ಣಿಮೆ.

ಹುಣ್ಣಿಮೆಗೊಮ್ಮೆ ಅಜ್ಜಾರು ಒಗೆದ ಕಾವಿ ಉಟ್ಟು, ಆಚೆ ದಂಡೆಯ ಮಾಳಪ್ಪನ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಮಾಳಪ್ಪ ಕಂಬಳಿ ನೇಯುತ್ತಿದ್ದವನು. ಕೈ ನಡುಗತೊಡಗಿದ ಮೇಲೆ ಮಗ್ಗ ಬಿಟ್ಟಿದ್ದ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಮಡುವಿನಲ್ಲಿ ಈಜು ಕಲಿತವರು.

ಸಂಜೆ ಮರಳುವಾಗ ಅಜ್ಜಾರ ಮುಖ ಅರಳಿರುತ್ತಿತ್ತು. ಏನೋ ನೆನೆದು ಒಬ್ಬರೇ ನಗುತ್ತಿದ್ದರು.

ಆ ನಗು ಕಂಡರೆ ಕೊಟ್ರೇಶನಿಗೆ ಮೈಯೆಲ್ಲ ಉರಿ. ಹನ್ನೆರಡು ವರ್ಷ ಬಡಿದವನಿಗೆ ಒಂದು 'ಚೊಲೊ ಐತಪಾ'. ತಿಂಗಳಿಗೊಂದು ಊಟ ಹಾಕಿದವನಿಗೆ ಹೊಟ್ಟೆತುಂಬ ನಗು. ಗುರುವಿನ ಮನಸ್ಸಿನಲ್ಲಿ ತನ್ನ ಜಾಗಕ್ಕೆ ಆ ಮುದುಕ ಕಂಬಳಿ ಹಾಸಿ ಕೂತುಬಿಟ್ಟಿದ್ದಾನೆ ಅನ್ನಿಸುತ್ತಿತ್ತು.

ಈ ಸಲ ಹುಣ್ಣಿಮೆಯ ಹಿಂದಿನ ದಿನ ಬಾಯಿಬಿಟ್ಟ. "ಅಜ್ಜಾರ, ನಾಳೆ ನಾನೂ ಬರ್ತೀನ್ರಿ."

"ಬಾರಪಾ. ಊಟಕ್ಕ ಯಾರ ಅಡ್ಡಿ?"

ನಸುಕಿನಲ್ಲೇ ಎದ್ದು ಇಪ್ಪತ್ತು ರೊಟ್ಟಿ ಬಡಿದ. ಜನ್ಮದಲ್ಲಿ ಅಂಥವನ್ನು ಬಡಿದಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿ, ಹರಿಗೋಲಿನಲ್ಲಿ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೊಳೆ ದಾಟಿದ.

ಮಾಳಪ್ಪ ಬಾಗಿಲಲ್ಲೇ ನಿಂತಿದ್ದ. "ಏ ಕಲ್ಯಾ! ಇನ್ನೂ ಸತ್ತಿಲ್ಲೇನೋ?"

"ನಿನ್ನ ತಿಥಿ ಹೋಳಿಗಿ ಉಂಡ ಹೋಗಬೇಕಂತ ಕುಂತೀನೋ," ಎಂದು ಅಜ್ಜಾರು ಗಹಗಹಿಸಿ ನಕ್ಕರು.

ಕಲ್ಯಾ! ಅರವತ್ತು ಶಿಷ್ಯರು ಹೆಸರೆತ್ತಲು ಅಂಜುವ ಗುರುವಿಗೆ! ಕೊಟ್ರೇಶ ಹಲ್ಲು ಕಚ್ಚಿದ.

ಮಾಳಪ್ಪ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಹರಿದ. ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ, ಎಣ್ಣೆ ಬಿಟ್ಟು, ಮೆತ್ತಗಾಗುವ ತನಕ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಮುಟಿಗಿ ಕಟ್ಟಿದ. ನಡುಗುವ ಕೈ, ಕಾಲುಭಾಗ ನೆಲಕ್ಕೇ ಬಿತ್ತು.

ಕೊಟ್ರೇಶನಿಗೆ ನಗು ತಡೆಯಲಾಗಲಿಲ್ಲ. "ಯಜಮಾನ್ರ, ಮುಟಿಗಿ ಕೂಸಿಗೆ ಮಾಡ್ತಾರ. ಅಜ್ಜಾರಿಗೂ ಇದನ್ನ ಹಾಕ್ತೀರೇನು?"

"ಎಂಬತ್ತು ದಾಟಿದ ಮ್ಯಾಗ ಎಲ್ಲಾರೂ ಕೂಸ ಅಲ್ಲೇನು, ತಮ್ಮಾ?"

ಕೊಟ್ರೇಶ ಗಂಟು ಬಿಚ್ಚಿದ. ಒಂದು ರೊಟ್ಟಿ ಎತ್ತಿ ಬೆರಳಿನಿಂದ ಹೊಡೆದ.

ಠಣ್.

ಮಾಳಪ್ಪನ ಕಣ್ಣು ಅಗಲವಾದವು. ಇಸಿದುಕೊಂಡು ಕಟಕ್ಕನೆ ಕಡಿದ. "ಎಪ್ಪಾ! ನಮ್ಮವ್ವನೂ ಇಂಥಾ ರೊಟ್ಟಿ ಬಡೀಲಿಲ್ಲ. ಕಲ್ಯಾ, ಎಂಥಾ ಹುಡುಗನ್ನ ಇಟಗೊಂಡೀಯೋ!" ಕೂತಲ್ಲೇ ಎರಡು ತಿಂದು ಮುಗಿಸಿದ.

ಆದರೆ ಊಟಕ್ಕೆ ಕೂತಾಗ ಅಜ್ಜಾರ ತಾಟಿಗೆ ಮುಟಿಗಿ ಬಿತ್ತು. ರೊಟ್ಟಿ ಬೀಳಲಿಲ್ಲ.

ಓಹೋ, ಎಂದುಕೊಂಡ ಕೊಟ್ರೇಶ. ಮುದುಕನಿಗೆ ಹೊಟ್ಟೆಕಿಚ್ಚು!

ತಾನೇ ಎದ್ದು ಎರಡು ರೊಟ್ಟಿ ಅಜ್ಜಾರ ತಾಟಿಗೆ ಹಾಕಿದ. ಎದುರಿಗೆ ಕೂತು ಮುಖ ನೋಡತೊಡಗಿದ.

ಅಜ್ಜಾರು ಒಂದು ಚೂರು ಮುರಿದರು. ಅಂಗಳದತ್ತ ನೋಡಿದರು. ಅಲ್ಲಿ ಗುಬ್ಬಿಗಳಿರಲಿಲ್ಲ.

ಮಾಳಪ್ಪ ಯಾವುದೋ ಹಳೆಯ ಟಗರಿನ ಸುದ್ದಿ ಹೇಳುತ್ತಿದ್ದ. ಮಾತು ನಿಲ್ಲಿಸದೆ ಕೈ ಚಾಚಿ ಆ ಎರಡೂ ರೊಟ್ಟಿಗಳನ್ನು ಎತ್ತಿಕೊಂಡ. ಅಂಗೈಯಲ್ಲಿ ಪುಡಿಪುಡಿ ಮಾಡಿದ. ಬಿಸಿ ಸಾರು ಸುರಿದು, ಕಲಸಿ, ಮತ್ತೆ ತಾಟಿಗೆ ಹಾಕಿದ. ಟಗರು ಗೌಡನ ಕುಂಡಿಗೆ ಗುದ್ದಿದ ಜಾಗ ಬಂದಾಗ ಮುದುಕರಿಬ್ಬರೂ ಬಿದ್ದು ಬಿದ್ದು ನಕ್ಕರು.

ಅಜ್ಜಾರು ತಾಟು ಬಳಿದು ಉಂಡರು. ಕೊಟ್ರೇಶ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದ.

ಮರಳುವಾಗ ಹೊಳೆದಂಡೆಯಲ್ಲಿ ಕೊಟ್ರೇಶನ ತಾಳ್ಮೆಯ ಕಟ್ಟೆ ಒಡೆಯಿತು.

"ನನ್ನ ರೊಟ್ಟಿ ಪುಡಿ ಮಾಡಿದನ್ರಿ! ನಿಮ್ಮ ಕಣ್ಣೆದುರಿಗೆ! ನೀವು ನಕ್ಕೋತ ಕುಂತ್ರಿ!"

"ಹೌದಪಾ."

"ಮಠ ಬಿಟ್ಟು ನಿಮ್ಮ ಹಿಂದ ಬಂದವ ನಾನು. ಅವನಲ್ಲಿ ಐತಿ, ನನ್ನಲ್ಲಿ ಇಲ್ಲ, ಅಂಥಾದ್ದು ಏನ್ರಿ? ಇವತ್ತ ಹೇಳಿಬಿಡ್ರಿ!"

ಅಜ್ಜಾರು ಬಂಡೆಯ ಮೇಲೆ ಕೂತರು. ಬಾಯಿ ಅಗಲ ತೆರೆದು ಬೆರಳಿನಿಂದ ತೋರಿಸಿದರು.

ಕೊಟ್ರೇಶ ಬಗ್ಗಿ ನೋಡಿದ. ಮುಂದೆ ನಾಲ್ಕು ಹಲ್ಲಿದ್ದವು. ಒಳಗೆ ಎರಡೂ ಕಡೆ ಬರೀ ಒಸಡು.

"ದವಡಿ ಹಲ್ಲು… ಯಾವಾಗ ಹೋದ್ವು ಅಜ್ಜಾರ?"

"ಕಡೇದು ಹೋಗಿ ಆರು ವರ್ಷ ಆತು."

ಆರು ವರ್ಷ. ದಿನಕ್ಕೆರಡು ರೊಟ್ಟಿ. ಅಂಗಳದ ಗುಬ್ಬಿಗಳು. ಕೊಟ್ರೇಶ ಅವರ ಪಕ್ಕದಲ್ಲಿ ಕೂತ.

"ನನಗ ಒಂದ ಮಾತು ಹೇಳಬಾರದಿತ್ತೇನ್ರಿ?"

"ರೊಟ್ಟಿ ಠಣ್ ಅಂದಾಗ ನಿನ್ನ ಮಾರಿ ಹೆಂಗ ಅರಳತಿತ್ತು ಅಂತೀ. ಅದನ್ನ ಹೆಂಗ ಕೆಡಿಸ್ಲಿ?"

"ಮಾಳಪ್ಪಗ ಹೇಳಿದ್ರಿ, ಹೌದಿಲ್ಲೋ?"

"ಅವಗೂ ಹೇಳಿಲ್ಲ."

"ನಾ ದಿನಾ ನಿಮ್ಮ ಎದುರಿಗೇ ಕೂಡ್ತಿದ್ನಲ್ರಿ! ರೆಪ್ಪಿ ಬಡೀದ ನಿಮ್ಮ ಮಾರೀನ ನೋಡ್ತಿದ್ದೆ!"

ಹರಿಗೋಲು ದಂಡೆಗೆ ಬಂತು. ಅಜ್ಜಾರು ಅವನ ಹೆಗಲ ಮೇಲೆ ಕೈಯೂರಿ ಎದ್ದರು.

"ಹೌದು ತಮ್ಮಾ, ನೀ ನನ್ನ ಮಾರಿ ನೋಡ್ತಿದ್ದೆ. ಮಾಳ್ಯಾ ತಾಟು ನೋಡ್ತಾನ."